ಮಂಗಾರೆ ಮರವನ್ನು ಕೆರೆಯಬೇಡಿ

ಮಾನ್ಯ ಸಂಪಾದಕರೇ,

ಉತ್ತರಾಖಂಡದ ಕಾಲಾಢುಂಗಿ ಕಾಡಿನ ಮರವೊಂದನ್ನು ಬೆರಳಿನಿಂದ ಕೆರೆದರೆ ಕಚಗುಳಿ ಇಟ್ಟಂತೆ ನಡುಗುತ್ತದೆ ಎಂಬ ವಿಡಿಯೊ ನಮ್ಮ ಊರಿನ ಮೊಬೈಲ್‌ಗಳಲ್ಲೂ ಓಡಾಡುತ್ತಿದೆ. ಅದು ನಮ್ಮ ಕಡೆಯ ಮಂಗಾರೆಯೇ. ವಾಂತಿ ಮಾಡಿಸಲು ಆಯುರ್ವೇದ ವೈದ್ಯರು ಬಳಸುವ ಮದನಫಲ ಬಿಡುವ ಮುಳ್ಳುಮರ. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹೊಲದ ಬದುವಿನಲ್ಲೂ ಒಂದಿದೆ. ವಿಡಿಯೊ ನೋಡಿದ ಹುಡುಗರು ಗುಂಪಾಗಿ ಬಂದು ಅದರ ಕಾಂಡವನ್ನು ಕೆರೆಯುತ್ತಿದ್ದಾರೆ. ಮೊದಲು ಉಗುರು, ಆಮೇಲೆ ಬೀಗದ ಕೈ. ಕಳೆದ ವಾರ ಎದೆಮಟ್ಟದಲ್ಲಿ ಗೇಣುದ್ದ ತೊಗಟೆ ಎದ್ದು ಹಸಿ ಮರ ಕಾಣುತ್ತಿತ್ತು. ನೋಡಿ ಹೊಟ್ಟೆ ಉರಿಯಿತು.

ನಾನು ಪ್ರೌಢಶಾಲೆಯಲ್ಲಿ 31 ವರ್ಷ ಜೀವಶಾಸ್ತ್ರ ಕಲಿಸಿದವಳು. ಪರೀಕ್ಷಿಸದೆ ಮಾತಾಡಬಾರದೆಂದು, ಗಾಳಿ ಏಳುವ ಮೊದಲೇ ಮೊಮ್ಮಗಳನ್ನು ಕರೆದುಕೊಂಡು ಮರದ ಬಳಿ ಹೋದೆ. ಬೆರಳಿನಿಂದ ಮೆಲ್ಲಗೆ ಉಜ್ಜಿದಾಗ ತುದಿಯ ಎಲೆಗಳು ನಿಜಕ್ಕೂ ನಡುಗಿದವು. ಬಿದಿರು ಕಡ್ಡಿಯಿಂದ ಉಜ್ಜಿದಾಗಲೂ ಅಷ್ಟೇ ನಡುಗಿದವು. ಎರಡು ದಿನದ ಹಿಂದೆ ಕಡಿದಿದ್ದ, ಎಲೆ ಬಾಡಿದ ಕೊಂಬೆಯನ್ನು ನೆಲಕ್ಕೆ ನೆಟ್ಟು ಉಜ್ಜಿದೆವು, ಅದೂ ನಡುಗಿತು. ಆದರೆ ಕಾಂಡದ ಮೇಲೆ ಅಂಗೈಯನ್ನು ಸುಮ್ಮನೆ ಒತ್ತಿ ಹಿಡಿದಾಗ ಒಂದೆಲೆಯೂ ಅಲುಗಲಿಲ್ಲ. ಉಜ್ಜಿದ ಅದುರು ಗಟ್ಟಿ ಕಾಂಡದ ಮೂಲಕ ಹಾದು ತೆಳು ಟಿಸಿಲುಗಳ ತುದಿಯಲ್ಲಿ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಉದ್ದ ತೊಟ್ಟಿನ ಅರಳಿ ಎಲೆ ಸಣ್ಣ ಗಾಳಿಗೂ ಅಲುಗುತ್ತದಲ್ಲ, ಹಾಗೆ. ಸಂಸ್ಕೃತದಲ್ಲಿ ಅರಳಿಗೆ ‘ಚಲದಲ’ ಎಂಬ ಹೆಸರೇ ಇದೆ.

‘ಹಾಗಾದರೆ ಮರಕ್ಕೆ ಏನೂ ಗೊತ್ತಾಗುವುದಿಲ್ಲವೇ ಅಜ್ಜಿ?’ ಎಂದು ಮೊಮ್ಮಗಳು ಕೇಳಿದಳು. ಗೊತ್ತಾಗುತ್ತದೆ. ಮುಟ್ಟಿದರೆ ಮುನಿಯ ಎಲೆಬುಡದ ಉಬ್ಬಿನಲ್ಲಿರುವ ಕೋಶಗಳಿಗೆ ವಿದ್ಯುತ್ ಸಂಕೇತ ತಲುಪಿದೊಡನೆ ಅವುಗಳಿಂದ ಪೊಟ್ಯಾಸಿಯಂ ಹೊರಹೋಗುತ್ತದೆ. ಅದರ ಹಿಂದೆಯೇ ನೀರು ಹೋಗಿ ಎಲೆ ಜೋಲುತ್ತದೆ. ಗಿಡಗಳ ಇಂಥ ವಿದ್ಯುತ್ ಸ್ಪಂದನವನ್ನು ಜಗದೀಶ್ ಚಂದ್ರ ಬೋಸರು ನೂರು ವರ್ಷಕ್ಕೂ ಹಿಂದೆಯೇ ಅಳೆದು ತೋರಿಸಿದ್ದರು. ಮರಗಳ ಉತ್ತರ ಮಾತ್ರ ನಿಧಾನ. ಪದೇ ಪದೇ ಉಜ್ಜಿಸಿಕೊಂಡ, ಗಾಳಿಗೆ ಬಳುಕಿದ ಗಿಡ ಎತ್ತರಕ್ಕೆ ಏರುವುದನ್ನು ತಗ್ಗಿಸಿ ಕಾಂಡವನ್ನು ದಪ್ಪ ಮಾಡಿಕೊಳ್ಳುತ್ತದೆ. ಅಮೆರಿಕದ ಮಾರ್ಕ್ ಜಾಫ್ 1973ರಲ್ಲಿ ಇದಕ್ಕೆ ಥಿಗ್ಮೊಮಾರ್ಫೊಜೆನೆಸಿಸ್ ಎಂದು ಹೆಸರಿಟ್ಟರು. ಹೆಸರು ನಾಲಿಗೆಗೆ ತೊಡಕು, ಸಂಗತಿ ರೈತರಿಗೆ ಹೊಸದಲ್ಲ.

ವನಮಹೋತ್ಸವದಲ್ಲಿ ಸಸಿ ನೆಡುವವರಿಗೂ ಇದೇ ಕಾರಣಕ್ಕೆ ಒಂದು ಮಾತು. ಸಸಿಯನ್ನು ಕೋಲಿಗೆ ತಂತಿಯಿಂದ ಬಿಗಿಯಬೇಡಿ. ಸೆಣಬಿನ ದಾರದಿಂದ, ತುಸು ಬಳುಕುವಷ್ಟು ಸಡಿಲವಾಗಿ ಕಟ್ಟಿ. ಬಳುಕಲು ಬಿಡದ ಸಸಿಯ ಕಾಂಡಕ್ಕೆ ಬಲ ಬರುವುದಿಲ್ಲ.

ಕೆರೆಯುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕುತೂಹಲ ನನಗೆ ಬೇಕು. ಆದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕಾಂಡದ ಸುತ್ತಲೂ ಅದು ಹೋದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ನಮ್ಮ ಮರದಲ್ಲಿ ಈಗಾಗಲೇ ಕಾಲುಭಾಗ ಸುತ್ತು ಹೋಗಿದೆ. ಸುತ್ತಲಿನ ಶಾಲೆಗಳ ಶಿಕ್ಷಕರು ಮಕ್ಕಳನ್ನು ಕರೆತಂದರೆ ನಾನೇ ಜೊತೆಗಿದ್ದು ಎಲ್ಲವನ್ನೂ ತೋರಿಸುತ್ತೇನೆ. ಬೆಳಗ್ಗೆ ಏಳರೊಳಗೆ ಬರಬೇಕು, ಆಮೇಲೆ ಗಾಳಿ ಏಳುತ್ತದೆ.

— ನಿವೃತ್ತ ಶಿಕ್ಷಕಿ, ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ