ಹಳೆಯ ಡೀಸೆಲ್ ಕಾರಿನವರಿಗೆ: ತಿಂಗಳ ಕೊನೆಯೊಳಗೆ ಮೈಲೇಜ್ ಲೆಕ್ಕ ಕಳಿಸಿ

ಎಲ್ಲರಿಗೂ ನಮಸ್ಕಾರ.

ಹತ್ತು ವರ್ಷ ದಾಟಿದ ಡೀಸೆಲ್ ಕಾರು ಇರುವವರಿಗೆ ಈ ಸೂಚನೆ. ಮುಂದಿನ ತಿಂಗಳ ಮೊದಲ ಭಾನುವಾರ ಗ್ರೂಪ್ ಕಾಲ್‌ನಲ್ಲಿ ಮೈಲೇಜ್ ಬಗ್ಗೆ ಮಾತಾಡೋಣ. ಅದಕ್ಕೆ ಮೊದಲು ಸರಿಯಾದ ಲೆಕ್ಕ ಬೇಕು, ಅಲ್ವಾ?

ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮತ್ತೆ ಫುಲ್ ಮಾಡಿಸಿದಾಗ, ಓಡಿದ ಕಿಲೋಮೀಟರನ್ನು ಆಗ ಹಾಕಿಸಿದ ಲೀಟರಿನಿಂದ ಭಾಗಿಸಿ. ಎರಡೂ ಸಲ ಪಂಪ್ ತಾನಾಗಿ ಕಟ್ ಆದಲ್ಲಿಗೇ ನಿಲ್ಲಿಸಿ.

ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಏರ್ ಫಿಲ್ಟರ್ ನೋಡಿ. ಖಾಲಿ ಕ್ಯಾರಿಯರ್ ಬಿಚ್ಚಿಡಿ. ಸ್ವಲ್ಪ ದೂರ ಓಡಿಸಿದ ಮೇಲೆ ಚಕ್ರಗಳ ಹತ್ತಿರ ಕೈ ಒಡ್ಡಿ, ಮುಟ್ಟಬೇಡಿ. ಒಂದರಲ್ಲಿ ಮಾತ್ರ ಕಾವು ಜಾಸ್ತಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು.

ಹೆಚ್ಚಿನವರು ಮರೆಯುವುದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯನ್ನು ಹದದಲ್ಲಿಡುವ ಕೂಲಂಟ್ ವಾಲ್ವ್. ದೂರ ಓಡಿಸಿದರೂ ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಏರದಿದ್ದರೆ ಅದು ತೆರೆದೇ ನಿಂತಿರಬಹುದು. ಆಗ ಎಂಜಿನ್ ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಕಪ್ಪು ಹೊಗೆ ಬರುತ್ತಿದ್ದರೆ ಟರ್ಬೊ ಪೈಪ್ (ಎಂಜಿನ್‌ಗೆ ಗಾಳಿ ತುಂಬುವ ಪೈಪ್) ಸೋರಿಕೆ, ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್), ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಮೂರನ್ನೂ ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ. ಸುಮ್ನೆ ಬಾಟಲಿ ಅಡಿಟಿವ್ ಸುರಿಯುವುದು ನನ್ನ ಪ್ರಕಾರ ದುಡ್ಡು ದಂಡ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಕಾಮನ್ ರೈಲ್ ಎಂಜಿನ್‌ನಲ್ಲಿ (ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುವ ಬಗೆ) ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ಡೀಸೆಲ್ ಸಿಂಪಡಣೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಉರಿಯುತ್ತಲೇ ಇರಬೇಕಾಗುತ್ತದೆ. ಬ್ರೇಕಿನ ಮೇಲೂ ಭಾರ.

ಮಾಡೆಲ್, ವರ್ಷ, ಮೈಲೇಜ್ ಮೂರನ್ನೂ ಒಂದೇ ಮೆಸೇಜಿನಲ್ಲಿ ಹಾಕಿ. ಕಾಲ್‌ಗೆ ಬರುವವರು 'ಬರ್ತೀನಿ' ಅಂತ ಸೇರಿಸಿ. ಅಲ್ಲಿಯವರೆಗೆ ಫಾರ್ವರ್ಡ್‌ಗಳಿಗೆ ದಯವಿಟ್ಟು ರಜೆ ಕೊಡಿ.