ಮೂರು ಬೆರಳು ಹಿಡಿಸುತ್ತಾ ನೋಡು

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ಒಬ್ಬರ ದವಡೆ ಹಲ್ಲಿಗೆ ಕೈ ಹಾಕಿದ್ದೆ. ಆಮೇಲೆ ಮಾಡ್ತೇನೆ ಅಂದವನು ಮಾಡಲೇ ಇಲ್ಲ. ಮಾಡಿದ್ದರೆ ಅರ್ಧಕ್ಕೇ ಜಗಳ ಆಗುತ್ತಿತ್ತು ಬಿಡು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಬಿಡಿಎಸ್ ಮುಗಿಸಿದ್ದಾಳೆ, ಬೆಂಗಳೂರು ಬೇಡ, ನಮ್ಮ ಕಾಸರಗೋಡಿನ ಬದಿಯಡ್ಕದಲ್ಲೇ ಕ್ಲಿನಿಕ್ ಇಡುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಅಲ್ಲಿ ಹೊಟ್ಟೆ ತುಂಬುವಷ್ಟು ಕೆಲಸ ಉಂಟಾ ಅಂತ ನಿನ್ನ ಪ್ರಶ್ನೆ. ಉಂಟು ಮಾರಾಯ. ಆದರೆ ಅವಳು ಕಾಲೇಜಿನಲ್ಲಿ ಕಲಿತದ್ದು ಅದರಲ್ಲಿ ಅರ್ಧ ಮಾತ್ರ. ಉಳಿದರ್ಧ ಬರೀ ಮಾತು.

ನಾನು ಶುರು ಮಾಡಿದ್ದು ನಿನಗೆ ನೆನಪಿರಬಹುದು. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾನು. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬಿಡುವ ಮೈಲುತುತ್ತು ಕೊಳ್ಳಲು ಬಂದವರು ಹಾಗೇ ಮೆಟ್ಟಿಲು ಹತ್ತಿ ಹಲ್ಲು ತೋರಿಸಿಕೊಂಡು ಹೋಗುತ್ತಿದ್ದರು. ಹಲ್ಲು ಕೊರೆಯುವಾಗ ಕರೆಂಟು ಹೋಗುತ್ತಿತ್ತು. ಹತ್ತಿ ಇಟ್ಟು ಬಾಯಿ ಮುಚ್ಚಿಸಿ, ಇಬ್ಬರೂ ಕಿಟಕಿಯ ಹತ್ತಿರ ನಿಂತು ಅಡಿಕೆ ರೇಟಿನ ವಿಷಯ ಮಾತಾಡುತ್ತಿದ್ದೆವು. ಕರೆಂಟು ಬರದಿದ್ದರೆ 'ನಾಳೆ ಬರ್ತೇನೆ ಡಾಕ್ಟ್ರೇ' ಅಂತ ಅವರು ಹೋಗಿಬಿಡುತ್ತಿದ್ದರು. ಆ ನಾಳೆ ಕೆಲವರಿಗೆ ಇನ್ನೂ ಬಂದಿಲ್ಲ.

ಮಗಳಿಗೆ ಮೊದಲು ಭಾಷೆ ಕಲಿಸು. ನನ್ನಲ್ಲಿ ಮೊದಲ ವರ್ಷ ಪಯ್ಯನ್ನೂರು ಕಡೆಯ ಹುಡುಗಿಯೊಬ್ಬಳು ಸಹಾಯಕ್ಕಿದ್ದಳು. ಒಂದು ದಿನ ಒಬ್ಬರು ಅಜ್ಜಿ ಕೆನ್ನೆ ಹಿಡಿದುಕೊಂಡು 'ಕೂಲಿ, ಕೂಲಿ' ಅಂತ ನರಳುತ್ತಾ ಬಂದರು. ಈ ಹುಡುಗಿ ಒಳಗೆ ಓಡಿ ಬಂದು, 'ಸಾರ್, ಆ ಅಮ್ಮನಿಗೆ ಯಾರೋ ಕೂಲಿ ಕೊಟ್ಟಿಲ್ಲವಂತೆ, ಅಳ್ತಿದ್ದಾರೆ' ಅಂದಳು. ತುಳುವಿನಲ್ಲಿ ಕೂಲಿ ಅಂದರೆ ಹಲ್ಲು ಅಂತ ಪಾಪ ಅವಳಿಗೇನು ಗೊತ್ತು! ಇಲ್ಲಿ ಕೂತವಳಿಗೆ ಕನ್ನಡ, ತುಳು, ಮಲಯಾಳ ಮೂರೂ ಬೇಕು. ಜೊತೆಗೆ ಬ್ಯಾರಿ, ಕೊಂಕಣಿ, ಮರಾಠಿ ಅರ್ಥವಾಗುವಷ್ಟಾದರೂ ಇರಲಿ. ಬೇನೆ ಬಂದವರು ಮನೆಮಾತಿನಲ್ಲೇ ಹೇಳುವುದು. ಸರಕಾರಿ ಕಾಗದಗಳಿಗಾಗಿ ಮಲಯಾಳ ಓದಲಿಕ್ಕೂ ಕಲಿಯಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ, ನಮ್ಮ ಅಜ್ಜಂದಿರಿಗೆ ಅದು ಇನ್ನೂ ನಿನ್ನೆಯ ಸುದ್ದಿ, ಅದು ಬೇರೆ. ಅವಳ ರಿಜಿಸ್ಟ್ರೇಷನ್ ಕರ್ನಾಟಕದ್ದಾದರೆ ಕೇರಳ ಡೆಂಟಲ್ ಕೌನ್ಸಿಲಿಗೆ ವರ್ಗ ಮಾಡಿಸಬೇಕು. ಕ್ಲಿನಿಕ್ಕಿನ ನೋಂದಣಿ, ಎಕ್ಸ್‌ರೇ ಲೈಸೆನ್ಸು ಇತ್ಯಾದಿ ಅವಳಿಗೇ ಫೋನಿನಲ್ಲಿ ಹೇಳ್ತೇನೆ.

ಸಂಪಾದನೆ ಅಡಿಕೆಯ ಹಿಂದೆಯೇ ಹೋಗುತ್ತದೆ. ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ರೇಟು ಬಂದ ವರ್ಷ ಹಲ್ಲು ಸೆಟ್ಟಿಗೆ ಸಾಲು. ತೋಟಕ್ಕೆ ಕೊಳೆರೋಗ ಬಂದ ವರ್ಷ ಲವಂಗದ ಎಣ್ಣೆಯಲ್ಲೇ ಕಾಲ ಕಳೆಯುತ್ತಾರೆ. ಫೀಸಿನ ಬದಲು ಬಾಳೆಗೊನೆ ಬಂದರೆ ಬೇಸರ ಮಾಡಬಾರದು ಅಂತ ಅವಳಿಗೆ ಹೇಳು. ಒಂದು ವರ್ಷ ನಮ್ಮ ಮನೆಯಲ್ಲಿ ಹಲಸಿನ ಹಣ್ಣು ತಿಂದು ತಿಂದು ಮಕ್ಕಳು ಮುಷ್ಕರ ಹೂಡಿದ್ದರು.

ಇನ್ನು ಹಲ್ಲಿನ ವಿಷಯ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿದ ವಾಕ್ಯ 'ಕಿತ್ತು ಬಿಡಿ ಡಾಕ್ಟ್ರೇ'. ಎರಡನೆಯದು 'ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗ್ತದಾ?' ಹೋಗುವುದಿಲ್ಲ. ಹಲ್ಲಿನ ನರ ಬೇರೆ, ಕಣ್ಣು ಕಾಣಿಸುವ ನರ ಬೇರೆ. ಮೂರನೆಯದೇ ಹೆಚ್ಚು ಅಪಾಯದ್ದು: 'ಬೇನೆ ತನ್ನಷ್ಟಕ್ಕೇ ನಿಂತಿತು.' ಎರಡು ರಾತ್ರಿ ನಿದ್ದೆ ಕೆಡಿಸಿದ ಹಲ್ಲು ಮೂರನೇ ದಿನ ತಣ್ಣಗಾದರೆ ಅದು ಗುಣವಾದದ್ದಲ್ಲ, ಒಳಗಿನ ನರ ಸತ್ತದ್ದು. ಕೀವು ನಿಧಾನಕ್ಕೆ ಬೇರಿನ ತುದಿಗೆ ಇಳಿಯುತ್ತದೆ. ಆರು ತಿಂಗಳ ನಂತರ ಮುಖ ಊದಿಸಿಕೊಂಡು ಬರುತ್ತಾರೆ. ಮೊದಲೇ ಬಂದಿದ್ದರೆ ಗುಂಡಿಗೆ ಒಂದು ಸಿಮೆಂಟು ತುಂಬಿಸಿದರೆ ಮುಗಿಯುತ್ತಿತ್ತು.

ಶಾಲೆಗಳಿಗೆ ಹೋಗುವುದನ್ನು ನಾನು ಇನ್ನೂ ಬಿಟ್ಟಿಲ್ಲ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಎಲ್ಲ ಕಡೆಯೂ ಒಂದೇ ಕತೆ. ಒಂದನೇ ಕ್ಲಾಸಿನ ಮಗುವಿನ ಬಾಯಿ ತೆರೆಸಿ ಟಾರ್ಚು ಹಾಕಿದರೆ ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಹೊಸದಾಗಿ ಮೂಡಿರುತ್ತದೆ. ಅದರ ಗುಂಡಿಗಳಲ್ಲಿ ಬಿಸ್ಕೆಟಿನ ಹಿಟ್ಟು ಮೆತ್ತಿ, ಕಪ್ಪು ಗೆರೆ ಶುರುವಾಗಿರುತ್ತದೆ. ತಾಯಿಗೆ ಹೇಳಿದರೆ, 'ಅದು ಹಾಲುಹಲ್ಲು ಅಲ್ವಾ, ಬಿದ್ದು ಬೇರೆ ಬರ್ತದೆ' ಅಂತಾರೆ. ಅವರ ತಪ್ಪಲ್ಲ. ಆರನೇ ವರ್ಷಕ್ಕೆ ಬರುವ ಈ ಹಲ್ಲು ಯಾವ ಹಲ್ಲನ್ನೂ ಬೀಳಿಸದೆ ಹಿಂದೆ ಸುಮ್ನೆ ಬಂದು ಕೂತುಬಿಡುತ್ತದೆ. ಅದು ಶಾಶ್ವತ ಹಲ್ಲು, ಬಿದ್ದರೆ ಇನ್ನೊಂದಿಲ್ಲ. ನಮ್ಮೂರಲ್ಲಿ ಹದಿನೈದಕ್ಕೇ ಕೀಳಿಸಿಕೊಂಡವರ ಬಾಯಲ್ಲಿ ಹೋದದ್ದು ಹೆಚ್ಚಾಗಿ ಇದೇ.

ಸಿಹಿ ತಿನ್ನಬೇಡಿ ಅಂತ ನಾನು ಯಾವ ಮಗುವಿಗೂ ಹೇಳುವುದಿಲ್ಲ. ಹೇಳಿದರೂ ಕೇಳುವುದಿಲ್ಲ. ಉಪನಯನದ ಊಟದಲ್ಲಿ ಒಟ್ಟಿಗೆ ನಾಲ್ಕು ಹೋಳಿಗೆ ಹೊಡೆದವನಿಗಿಂತ ದಿನವಿಡೀ ಗಂಟೆಗೊಂದು ಬಿಸ್ಕೆಟ್ ಚಾಕ್ಕೆ ಅದ್ದಿ ತಿನ್ನುವವನ ಹಲ್ಲು ಬೇಗ ಹಾಳಾಗುತ್ತದೆ. ಪ್ರತಿ ಸಲ ಸಕ್ಕರೆ ಬಾಯಿಗೆ ಬಿದ್ದಾಗಲೂ ಅರ್ಧ ಗಂಟೆಯಷ್ಟು ಹೊತ್ತು ಹಲ್ಲಿನ ಮೇಲೆ ಹುಳಿ ಕೂರುತ್ತದೆ. ಆಮೇಲೆ ಜೊಲ್ಲು ಬಂದು ಅದನ್ನು ತೊಳೆದು ರಿಪೇರಿ ಮಾಡುತ್ತದೆ. ರಿಪೇರಿಗೆ ಸಮಯವೇ ಕೊಡದಿದ್ದರೆ? ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದ ಮಕ್ಕಳ ಮುಂದಿನ ಮೇಲ್ಹಲ್ಲು ಕರಗಿ ಬೇರಷ್ಟೇ ಉಳಿದದ್ದನ್ನು ಎಷ್ಟು ಸಲ ನೋಡಿದ್ದೇನೋ. ನಿದ್ದೆಯಲ್ಲಿ ಜೊಲ್ಲು ಕಮ್ಮಿ. ರಾತ್ರಿ ಹಲ್ಲುಜ್ಜಿ ಅಂತ ನಾನು ತಲೆ ತಿನ್ನುವುದೂ ಅದಕ್ಕೇ. ಫ್ಲೋರೈಡ್ ಇರುವ ಪೇಸ್ಟು, ಮೆದು ಬ್ರಷ್ಷು, ಉಗಿದ ಮೇಲೆ ನೀರು ಹಾಕಿ ಮುಕ್ಕಳಿಸುವುದು ಬೇಡ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು, ಆಮೇಲೆ ಬಟಾಣಿಯಷ್ಟು. ನಮ್ಮ ತೋಟದವರು ಅಡಿಕೆ ಸುಲಿಯುವ ಬಲದಲ್ಲೇ ಹಲ್ಲುಜ್ಜಿ, ಒಸಡಿನ ಹತ್ತಿರ ಹಲ್ಲಿಗೆ ಕೊಡಲಿಪೆಟ್ಟಿನ ಹಾಗೆ ಗುರುತು ಮಾಡಿಕೊಂಡಿರುತ್ತಾರೆ. ನನ್ನ ಅಜ್ಜಿಯ ಮಾವಿನೆಲೆ ಅಷ್ಟು ಕ್ರೂರಿಯಾಗಿರಲಿಲ್ಲ. ಉಮಿಕರಿ, ಅಂದರೆ ಸುಟ್ಟ ಭತ್ತದ ಹೊಟ್ಟಿನ ಪುಡಿ, ಮಾತ್ರ ಬೇಡವೇ ಬೇಡ, ಅದು ಮರಳುಕಾಗದ.

ಇನ್ನೊಂದು ಬರೆಯಲೇಬೇಕು. ಕಬಡ್ಡಿಯಲ್ಲಿ ಮಗುವಿನ ಶಾಶ್ವತ ಹಲ್ಲು ಬೇರು ಸಮೇತ ಹಾರಿ ಬಿದ್ದರೆ ಬಿಸಾಡಬೇಡಿ. ಬೇರು ಮುಟ್ಟದೆ, ಬಾಯಲ್ಲಿ ಕಾಣುವ ಹಲ್ಲಿನ ತಲೆಯ ಕಡೆ ಹಿಡಿದು ಎತ್ತಿ, ಉಜ್ಜದೆ, ಹಾಲಿನ ಲೋಟದಲ್ಲಿ ಹಾಕಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ತನ್ನಿ. ಕೂರಿಸಬಹುದು. ಹಾಲುಹಲ್ಲಾದರೆ ವಾಪಸ್ ಕೂರಿಸುವುದಿಲ್ಲ. ಒಬ್ಬ ಪಿಟಿ ಮೇಷ್ಟ್ರು ಹೋಟೆಲಿನಿಂದ ಹಾಲು ತರಿಸಿ ಹಲ್ಲು ಹಾಕಿಕೊಂಡು ಬೈಕಿನಲ್ಲಿ ಬಂದಿದ್ದರು. ಆ ಹುಡುಗನಿಗೆ ಈಗ ಮದುವೆಯಾಗಿದೆ, ಫೋಟೋದಲ್ಲಿ ಹಲ್ಲು ಕಾಣುತ್ತಿದೆ.

2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ನಿನಗೂ ಗೊತ್ತು. ಮಂಗಳೂರಿಗೆ ಹೋಗುವ ಹಾಗಿಲ್ಲ, ನನ್ನ ಕ್ಲಿನಿಕ್ಕೂ ಬಂದ್. ಫೋನಿನಲ್ಲೇ ವೈದ್ಯ. ಒಬ್ಬ ಹೆಂಗಸು ನೋವಿನ ಗುಳಿಗೆಯನ್ನು ನುಂಗದೆ ಹಲ್ಲಿನ ಪಕ್ಕ ಒಸಡಿನ ಮೇಲೆ ಇಟ್ಟುಕೊಂಡು ಮಲಗಿ, ಬೆಳಗ್ಗೆ ನೋಡಿದರೆ ಒಸಡು ಬೆಳ್ಳಗೆ ಸುಟ್ಟಿತ್ತು. ಗುಳಿಗೆ ಇರುವುದು ಹೊಟ್ಟೆಗೆ ಅಂತ ಆ ತಿಂಗಳು ಎಷ್ಟು ಜನರಿಗೆ ಹೇಳಿದೆನೋ.

ಪಡ್ರೆ ಕಡೆಗೂ ಅವಳು ಒಮ್ಮೆ ನನ್ನ ಜೊತೆ ಬರಲಿ. ಅಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ನಿನಗೆ ಹೇಳಬೇಕಾಗಿಲ್ಲ. ಎದ್ದು ಕೂರಲಾಗದ ಮಕ್ಕಳನ್ನು ಕ್ಲಿನಿಕ್ಕಿಗೆ ತರುವುದು ಹೇಗೆ? ನಾವೇ ಹೋಗಬೇಕು. ಅಂಥ ಒಬ್ಬ ಹುಡುಗನ ಬಾಯಿ ನೋಡಲು ನಾನು ಮುಂದಿನಿಂದ ಬಗ್ಗಿದೆ. ಅವನು ಹೆದರಿ ಹಲ್ಲು ಕಚ್ಚಿಕೊಂಡ. ಅವನ ತಾಯಿ, 'ಹಾಗಲ್ಲ ಡಾಕ್ಟ್ರೇ' ಅಂತ ಅವನ ತಲೆಯ ಹಿಂದೆ ಕೂತರು. ತಲೆಯನ್ನು ಮಡಿಲಿಗೆ ಒರಗಿಸಿ, ಎಡಗೈಯಲ್ಲಿ ಗಲ್ಲ ಹಿಡಿದು, ಬಟ್ಟೆ ಸುತ್ತಿದ ಮರದ ಸೌಟಿನ ಹಿಡಿಯನ್ನು ದವಡೆಯ ನಡುವೆ ಇಟ್ಟು, ಏನೋ ಗುನುಗುತ್ತಾ ಉಜ್ಜಿದರು. ಅವನ ಹಲ್ಲು ನಿನ್ನ ಹಲ್ಲಿಗಿಂತ ಚೆನ್ನಾಗಿತ್ತು. ನಾನು ಈಗಲೂ ಹಾಗೇ ಹಿಂದೆ ಕೂತೇ ನೋಡುವುದು.

ನಗುವ ವಿಷಯವೂ ಉಂಟು. ನಮ್ಮ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತಾಡುವ ಒಬ್ಬ ಹಿರಿಯ ಅರ್ಥಧಾರಿಗೆ ಪೂರ್ತಿ ಸೆಟ್ಟು ಮಾಡಿಕೊಟ್ಟೆ. ಹೊಸ ಸೆಟ್ಟಿನಲ್ಲಿ ಮಾತು ತೊದಲುತ್ತದೆ, ದಿನಾ ಜೋರಾಗಿ ಪೇಪರ್ ಓದಿ ಅಂದೆ. ವಾರದ ಮೇಲೆ ಅವರ ಹೆಂಡತಿಯ ಫೋನು: 'ಡಾಕ್ಟ್ರೇ, ಪೇಪರ್ ಬಿಟ್ಟು ಬೆಳಗ್ಗೆ ಐದಕ್ಕೇ ಕರ್ಣನ ಅರ್ಥ ಶುರು ಮಾಡ್ತಾರೆ, ಹಟ್ಟಿಯ ದನ ಹಾಲು ಕೊಡ್ತಿಲ್ಲ.' ಅಂದ ಹಾಗೆ, ಅರುವತ್ತು ದಾಟಿದ ಬಡವರಿಗೆ ಸರಕಾರದ 'ಮಂದಹಾಸಂ' ಯೋಜನೆಯಲ್ಲಿ ಸೆಟ್ಟು ಉಚಿತ. ಕೇಳುವವರೇ ಕಮ್ಮಿ.

ಈಗ ಇಷ್ಟು ಹೊತ್ತು ಮುಂದೂಡಿದ್ದಕ್ಕೆ ಬರುತ್ತೇನೆ.

ಅಪ್ಪನ ತೋಟಕ್ಕೆ ಅಡಿಕೆ ಕೊಯ್ಯಲು ಬರುತ್ತಿದ್ದವರೊಬ್ಬರು ಒಂದು ದಿನ ಹಲ್ಲು ಕೀಳಿಸಲು ಬಂದರು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಒಳಕೆನ್ನೆ ಮುಟ್ಟಿದರೆ ಒಣಗಿದ ಅಡಿಕೆ ಹಾಳೆಯ ಹಾಗೆ, ಬಿಳಿಚಿ ಬಿಗಿದಿತ್ತು. ಖಾರ ತಿಂದರೆ ಉರಿ ಅಂದರು. ಕಾಲೇಜಿನಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಹೇಗೋ ಹಲ್ಲು ಕಿತ್ತೆ. ಅವರು ಎಲೆಅಡಿಕೆಯ ಸಂಚಿ ಬಿಚ್ಚಿ, 'ಈಗ ಹಾಕಬಹುದಾ?' ಅಂತ ಕೇಳಿದರು. ರಕ್ತ ನಿಲ್ಲಲಿ, ನಾಳೆ ಹಾಕಿ ಅಂದೆ. ನಾಳೆ ಹಾಕಿ! ಇನ್ನು ಮುಟ್ಟಬೇಡಿ ಅನ್ನಲು ನಾಲಿಗೆ ಏಳಲಿಲ್ಲ. ನನ್ನ ಫೀಸು ಕಟ್ಟಿದ್ದೇ ಅಡಿಕೆ. ಆ ಅಡಿಕೆ ಕೊಯ್ದವರು ಅವರು. ಕೆಲವು ವರ್ಷದ ನಂತರ ಅದೇ ಕೆನ್ನೆಯಲ್ಲಿ ಹುಣ್ಣಿನೊಂದಿಗೆ ಬಂದರು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಒಂದೂವರೆ ವರ್ಷ ಇದ್ದರು.

'ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ' ಅಂತ ಎಲ್ಲರೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೊರತಂದ ಸಂಪುಟದಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿಯುವ ಆ ಕಾಯಿಲೆ ಬಂದ ಮೇಲೆ ಮೊದಲಿನಂತೆ ಆಗುವುದಿಲ್ಲ. ಬಿಟ್ಟರೆ, ಹೆಚ್ಚಾಗುವುದನ್ನು ತಡೆಯಬಹುದು. ಕೆಲವರಲ್ಲಿ ಅದೇ ಕ್ಯಾನ್ಸರ್ ಆಗುತ್ತದೆ. ಇದನ್ನು ಒಂದು ಸಭೆಯಲ್ಲಿ ಹೇಳಿದ್ದಕ್ಕೆ, 'ಅಡಿಕೆ ತಿಂದು ಡಾಕ್ಟರಾದವನು ಮರದ ಬುಡಕ್ಕೇ ಕೊಡಲಿ ಹಾಕ್ತಾನೆ' ಅಂತ ಎದ್ದು ಹೋದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿರದಿದ್ದರೆ ನಮ್ಮಂಥ ಎಷ್ಟೋ ಮನೆಗಳ ಮಕ್ಕಳು ಓದುತ್ತಿರಲಿಲ್ಲ. ನನಗೂ ಎರಡು ಎಕರೆ ತೋಟ ಉಂಟು, ಈ ವರ್ಷವೂ ಮದ್ದು ಬಿಡಿಸಿದ್ದೇನೆ. ಈ ಲೆಕ್ಕ ನನಗೆ ಇವತ್ತಿಗೂ ಹೊಂದಿಲ್ಲ.

ನಿನ್ನ ಅಣ್ಣನ ಮಗನ ಮದುವೆಯಲ್ಲಿ ಪಂಕ್ತಿಯಲ್ಲಿ ನಿನ್ನೆದುರಿಗೇ ಕೂತಿದ್ದೆ. ನೀನು ಲಾಡನ್ನು ಪುಡಿ ಮಾಡಿ ಮಾಡಿ ತಿಂದೆ. ಸಾರಿಗೆ ಮೆಣಸು ಜಾಸ್ತಿ ಅಂತ ಪಕ್ಕಕ್ಕಿಟ್ಟೆ. ಸಾರು ಸಪ್ಪೆ ಇತ್ತು ಮಾರಾಯ. ಕೈ ತೊಳೆದ ಕೂಡಲೇ ಕಿಸೆಯಿಂದ ಸಿಹಿ ಸುಪಾರಿಯ ಪೊಟ್ಟಣ ತೆಗೆದೆ. ಮದುವೆ ಮನೆಯಲ್ಲಿ ಬೇಡ ಅಂತ ಸುಮ್ಮನಾದೆ. ಆಮೇಲೆ ಫೋನಿನಲ್ಲೂ ಸುಮ್ಮನಾದೆ. ಒಬ್ಬರ ಹತ್ತಿರ ಸುಮ್ಮನಿದ್ದದ್ದು ಸಾಕು.

ಈ ಕಾಗದ ಓದಿ ಮುಗಿಸಿದ ಮೇಲೆ ಕನ್ನಡಿಯ ಮುಂದೆ ನಿಲ್ಲು. ನಿನ್ನದೇ ನಡುವಿನ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಮೇಲಿನ ಮತ್ತು ಕೆಳಗಿನ ಮುಂಬಲ್ಲಿನ ನಡುವೆ ತೂರಿಸು. ಒತ್ತಾಯ ಮಾಡಬೇಡ. ಎಷ್ಟು ಬೆರಳು ಹಿಡಿಸಿತು ಅಂತ ಇವತ್ತೇ ಬರೆ, ಸುಳ್ಳು ಬೇಡ. ಮೂರು ಹೋಗದಿದ್ದರೆ ಮಗಳನ್ನು ಕರೆದು ತೋರಿಸು, ಅವಳಿಗೆ ಕೆನ್ನೆಯ ಒಳಗೆ ಮುಟ್ಟಿ ನೋಡಲು ಹೇಳು. ಆ ಪೊಟ್ಟಣವನ್ನೂ ಅವಳ ಕೈಗೇ ಕೊಡು. ಬರುವ ಶನಿವಾರ ಕುಂಬಳೆಗೆ ಬಸ್ಸು ಹತ್ತು, ಅಲ್ಲಿಂದ ನಾನು ಕರೆದುಕೊಂಡು ಬರುತ್ತೇನೆ. ಗೋಳಿಬಜೆ ಮಾಡಿಸಿರುತ್ತೇನೆ, ಚಿಕ್ಕದಾಗಿ.

ನಿನ್ನ,
ಹಲ್ಲಿನ ಡಾಕ್ಟ್ರು