ಮಗಳಿಗೊಂದು ಪತ್ರ: ಗಾಡಿ ನಿನ್ನ ಮೇಜಿಗೆ ಬಂದಾಗ

ಪ್ರೀತಿಯ ಪುಟ್ಟಿ,

ನಿನ್ನ ಮೇಲಧಿಕಾರಿಯ ಬೀಳ್ಕೊಡುಗೆ ಊಟ ಸ್ಯಾನ್ ಫ್ರಾನ್ಸಿಸ್ಕೋದ ಹೌಸ್ ಆಫ್ ಪ್ರೈಮ್ ರಿಬ್ ಎಂಬ ಊಟದ ಮನೆಯಲ್ಲಿ ಎಂದು ಕೇಳಿ ನಾನು ಹಿಗ್ಗಿದೆ. ನೀನೋ, ಅಲ್ಲಿ ಏನು ಕೇಳಬೇಕು, ಹೇಗೆ ತಿನ್ನಬೇಕು, ಎಲ್ಲರೆದುರು ಪೆದ್ದಿಯಂತೆ ಕಾಣುತ್ತೇನೇನೋ ಎಂದು ಗಾಬರಿಯಾಗಿದ್ದೀಯ. ಫೋನಿನಲ್ಲಿ ವಿವರಿಸಲು ಹೊರಟರೆ ನಿನ್ನಮ್ಮ ನಡುವೆ ಬಂದು ಮಾತನ್ನು ನಿನ್ನ ಮದುವೆಯ ಕಡೆ ತಿರುಗಿಸುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನ ಕ್ಲಬ್ಬಿನಲ್ಲಿ ಭಾನುವಾರದ ರೋಸ್ಟಿನ ಮುಂದೆ ಚಾಕು ಹಿಡಿದು ನಿಂತೇ ನಿನ್ನ ಶಾಲೆಯ ಫೀಸು ಕಟ್ಟಿದವನು ನಾನು. ಈ ಒಂದು ವಿಷಯದಲ್ಲಾದರೂ ಗೂಗಲ್‌ಗಿಂತ ಮೊದಲು ಅಪ್ಪನನ್ನು ಕೇಳಿದೆಯಲ್ಲ, ಸಂತೋಷ.

ಹೆದರುವಂಥದ್ದು ಅಲ್ಲಿ ಏನೂ ಇಲ್ಲ, ಏಕೆಂದರೆ ಆರಿಸಿಕೊಳ್ಳಲು ಹೆಚ್ಚೇನೂ ಇಲ್ಲ. ವ್ಯಾನ್ ನೆಸ್ ಅವೆನ್ಯೂದ ಆ ಮನೆ 1949ರಿಂದ ಹೆಸರು ಮಾಡಿರುವುದು ಒಂದೇ ಅಡುಗೆಗೆ: ದನದ ಪಕ್ಕೆಲುಬಿನ ಭಾಗದ ಇಡೀ ರೋಸ್ಟು, ಅಂದರೆ ಒಲೆಯ ಒಣ ಕಾವಿನಲ್ಲಿ ಬೇಯಿಸಿದ ದೊಡ್ಡ ಮಾಂಸದ ತುಂಡು. ಮೀನೂ ಸಿಗುತ್ತದೆ, ಆದರೆ ಮೀನು ಬೇಕಾದವರು ಆ ಬಾಗಿಲನ್ನು ಯಾಕೆ ತಟ್ಟುತ್ತಾರೋ ನನಗೆ ತಿಳಿಯದು. ನೀನು ಹೇಳಬೇಕಾದದ್ದು ಎರಡೇ ಮಾತು. ಹೋಳು ಎಷ್ಟು ದಪ್ಪ, ಎಷ್ಟು ಬೆಂದಿರಬೇಕು. ಸಣ್ಣ ಹೊಟ್ಟೆಯವರಿಗೆ ಸಿಟಿ ಕಟ್, ಹಸಿದು ಬಂದವರಿಗೆ ಮನೆಯ ಹೆಸರನ್ನೇ ಹೊತ್ತ ದಪ್ಪ ಕಟ್, ಎಂಟನೆಯ ಹೆನ್ರಿ ದೊರೆಯ ಹೆಸರಿನಲ್ಲಿ ಒಂದು ದೈತ್ಯ ಹೋಳು. ಇವುಗಳ ನಡುವೆ ಇಂಗ್ಲಿಷ್ ಕಟ್ ಎಂದೊಂದಿದೆ, ತೆಳುವಾಗಿ ಕೊಯ್ದ ಹಲವು ಹೋಳುಗಳು. ನೀನು ಅದನ್ನೇ ಕೇಳು. ನಾರಿಗೆ ಅಡ್ಡವಾಗಿ ತೆಳ್ಳಗೆ ಕೊಯ್ದ ಮಾಂಸ ಹಲ್ಲಿಗೆ ಕೆಲಸ ಕೊಡುವುದಿಲ್ಲ. ಅದೂ ಅಲ್ಲದೆ, ಕೊಯ್ಯುವವನ ಕೈ ಎಂಥದ್ದು ಎಂದು ತಿಳಿಯುವುದು ತೆಳು ಹೋಳಿನಲ್ಲಿ. ದಪ್ಪಗೆ ಕತ್ತರಿಸಲು ಯಾರಿಗಾದರೂ ಬರುತ್ತದೆ.

ಉದ್ದನೆಯ ಬಿಳಿ ಟೋಪಿಯವನು ಹೊಳೆಯುವ ಲೋಹದ ಗಾಡಿಯನ್ನು ತಳ್ಳಿಕೊಂಡು ನಿನ್ನ ಮೇಜಿಗೇ ಬರುತ್ತಾನೆ. ಮುಚ್ಚಳ ಎತ್ತಿದರೆ ಒಳಗೆ ಬಿಸಿಯಾರದ ಇಡೀ ರೋಸ್ಟುಗಳು. ಇದು ಬರೀ ತೋರಿಕೆ ಎಂದು ನಿನ್ನ ಗೆಳತಿಯರು ನಗಬಹುದು. ಆದರೆ ಅದಕ್ಕೊಂದು ಕಾರಣವಿತ್ತು. ಈ ಪದ್ಧತಿಯ ಮೂಲ ಲಂಡನ್ನಿನ ಸ್ಟ್ರ್ಯಾಂಡ್ ರಸ್ತೆಯ ಸಿಂಪ್ಸನ್ಸ್ ಎಂಬ ಊಟದ ಮನೆ. 1828ರಲ್ಲಿ ಶುರುವಾದಾಗ ಅದು ಚುಟ್ಟ ಸೇದಿ, ಕಾಫಿ ಕುಡಿದು, ಚದುರಂಗ ಆಡುವವರ ಜಾಗ. ಆಟದ ನಡುವೆ ಎದ್ದು ಹೋಗಲು ಯಾರಿಗೂ ಮನಸ್ಸಿಲ್ಲ, ಹೊಟ್ಟೆಯೋ ಬಿಡುವುದಿಲ್ಲ. ಹಾಗಾಗಿ ಮಾಂಸವೇ ಬೆಳ್ಳಿ ಮುಚ್ಚಳದ ಗಾಡಿಯೇರಿ ಅವರ ಬಳಿಗೆ ಬರತೊಡಗಿತು ಎನ್ನುತ್ತಾರೆ. ಜರ್ಮನಿಯ ಚದುರಂಗ ಆಟಗಾರ ಆಂಡರ್ಸನ್ ತನ್ನ ಎರಡೂ ಆನೆ, ಮಂತ್ರಿ ಎಲ್ಲವನ್ನೂ ಬಲಿ ಕೊಟ್ಟು ಎದುರಾಳಿ ಕೀಸೆರಿಟ್ಸ್ಕಿಯನ್ನು ಸೋಲಿಸಿದ 1851ರ ಪ್ರಸಿದ್ಧ ಆಟ ನಡೆದದ್ದೂ ಅಲ್ಲೇ. 1938ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ತೆರೆದ ಲಾರೀಸ್ ಎಂಬ ಊಟದ ಮನೆ ಆ ಗಾಡಿಯನ್ನು ಕ್ಯಾಲಿಫೋರ್ನಿಯಾದವರಿಗೆ ಪರಿಚಯಿಸಿತು. ನೀನು ಹೋಗುತ್ತಿರುವ ಮನೆ ಅದೇ ದಾರಿಯದು.

ಹಳೆಯದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ಅದೇ ಸಿಂಪ್ಸನ್ಸ್‌ನ ಕೆಳಗಿನ ಊಟದ ಕೋಣೆಯಲ್ಲಿ ಮಧ್ಯಾಹ್ನದ ಊಟಕ್ಕೆ ಹೆಂಗಸರಿಗೆ 1984ರವರೆಗೂ ಪ್ರವೇಶವಿರಲಿಲ್ಲ. ಆ ಸಂಪ್ರದಾಯ ತೊಲಗಿದ್ದು ಒಳ್ಳೆಯದೇ ಆಯಿತು. ಗಾಡಿ ಉಳಿದದ್ದು ಅದಕ್ಕಿಂತ ಒಳ್ಳೆಯದು. ಅಡುಗೆಮನೆಯಲ್ಲಿ ಕೊಯ್ದು ತಟ್ಟೆಯಲ್ಲಿಟ್ಟು ತಂದರೆ ನಿನಗೆ ಬಂದದ್ದು ಯಾವ ತುದಿಯದು, ಯಾವಾಗ ಕೊಯ್ದದ್ದು ಎಂದು ಗೊತ್ತಾಗುವುದಿಲ್ಲ. ಗಾಡಿಯವನು ನಿನ್ನ ಕಣ್ಣೆದುರು ಕೊಯ್ಯಬೇಕು. ಕೊಯ್ಯುವವನೊಡನೆ ಮಾತಾಡು. ಅಂಚಿನ ಕಪ್ಪು ಸಿಪ್ಪೆಯಂಥ ಭಾಗ ಬೇಕೇ, ಕೊಬ್ಬು ಕಡಿಮೆ ಇರಲೇ, ಎಲುಬು ಬೇಕೇ, ನಾಚದೆ ಹೇಳು. ಕ್ಲಬ್ಬಿನಲ್ಲಿ ನಾನು ಮೆಚ್ಚುತ್ತಿದ್ದ ಸದಸ್ಯರು ಬಾಯಿಬಿಟ್ಟು ಕೇಳುವವರೇ. ಸುಮ್ಮನೆ ತಲೆಯಾಡಿಸಿ ಆಮೇಲೆ ತಟ್ಟೆಯಲ್ಲಿ ಅರ್ಧ ಬಿಡುವವರನ್ನು ಕಂಡರೆ ನಮಗೆ ಉರಿಯುತ್ತಿತ್ತು.

ಈಗ ನಿನ್ನ ದೊಡ್ಡ ಭಯಕ್ಕೆ ಬರುತ್ತೇನೆ: ಕೆಂಪು ಮಾಂಸ. ಅದು ರಕ್ತವಲ್ಲ, ಮಗಳೇ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ನೀರಿನೊಡನೆ ಬೆರೆತು ಹಾಗೆ ಕಾಣುತ್ತದೆ. ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಗುಲಾಬಿ, 70 ದಾಟಿದರೆ ಕಂದು. ನಮ್ಮ ಮನೆಯಲ್ಲಿ ನೀನು ತಿಂದು ಬೆಳೆದದ್ದು ಪೂರಾ ಬೆಂದ ಮಾಂಸ, ಅದಕ್ಕೆ ಕಾರಣವಿದೆ: ಇಲ್ಲಿ ಸಿಗುತ್ತಿದ್ದದ್ದು ವಯಸ್ಸಾದ ಪ್ರಾಣಿಯ ಮಾಂಸ. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದಮೇಲಂತೂ ಕರ್ನಾಟಕದಲ್ಲಿ ದನ-ಎಮ್ಮೆಗಳ ಪೈಕಿ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನಷ್ಟೇ. ಆ ವಯಸ್ಸಿನ ಪ್ರಾಣಿಯ ಮಾಂಸವನ್ನು ಗುಲಾಬಿ ಬಣ್ಣದಲ್ಲೇ ಇಳಿಸಿದರೆ ಚಪ್ಪಲಿ ಜಗಿದಂತಾಗುತ್ತದೆ. ಮೆಣಸು, ವಿನೆಗರ್ ಹಚ್ಚಿ, ನೀರು ಹಾಕಿ, ಮುಚ್ಚಿ ಗಂಟೆಗಟ್ಟಲೆ ಬೇಯಿಸಲೇಬೇಕು. ಅಲ್ಲಿಯದು ಮೆಕ್ಕೆಜೋಳ ತಿಂದು ಕೊಬ್ಬಿದ ಎಳೆಯ ದನ. ಪಕ್ಕೆಲುಬಿನ ಸ್ನಾಯುವಿಗೆ ದುಡಿಮೆಯೂ ಕಡಿಮೆ. ನಾರಿನ ನಡುವೆ ಕೊಬ್ಬಿನ ಸಣ್ಣ ಗೆರೆಗಳು ಹಬ್ಬಿರುತ್ತವೆ. ಅದನ್ನು ಮೂರು ವಾರ ತಂಪಿನಲ್ಲಿ ಹಣ್ಣಾಗಿಸಿ, ಕಲ್ಲುಪ್ಪಿನಲ್ಲಿ ಹುದುಗಿಸಿ ರೋಸ್ಟು ಮಾಡುತ್ತಾರೆ. ಹೆಚ್ಚು ಬೇಯಿಸಿದರೆ ಅಷ್ಟೂ ಶ್ರಮ ದಂಡ.

ಆದರೂ ಗುಲಾಬಿ ಕಂಡರೆ ಗಂಟಲಲ್ಲಿ ಇಳಿಯುವುದಿಲ್ಲವೆಂದರೆ ಹಟ ಬೇಡ. ರೋಸ್ಟಿನ ಎರಡು ತುದಿಗಳು ಒಲೆಯ ಕಾವಿಗೆ ಹತ್ತಿರವಿರುವುದರಿಂದ ಚೆನ್ನಾಗಿ ಬೆಂದಿರುತ್ತವೆ. 'ತುದಿಯ ಹೋಳು ಕೊಡಿ' ಎಂದು ಕೇಳು. ಉಪ್ಪು, ಕಾಳುಮೆಣಸು, ಸುಟ್ಟ ಕೊಬ್ಬು ಎಲ್ಲ ಸೇರಿರುವುದು ಅಲ್ಲೇ. ನಾನು ಕೇಳುವುದೂ ಅದನ್ನೇ, ಆದ್ದರಿಂದ ಯಾರಾದರೂ ಹುಬ್ಬೇರಿಸಿದರೆ ತಲೆ ಕೆಡಿಸಿಕೊಳ್ಳಬೇಡ.

ಗಾಡಿಗಿಂತ ಮೊದಲು ಸಲಾಡ್ ಬರುತ್ತದೆ. ಐಸ್ ಮೇಲಿಟ್ಟ ಬೋಗುಣಿಯನ್ನು ಗಿರಗಿರನೆ ತಿರುಗಿಸುತ್ತ ಎತ್ತರದಿಂದ ಡ್ರೆಸ್ಸಿಂಗ್ ಸುರಿಯುತ್ತಾರೆ. ಅದು ಮಾತ್ರ ನಿಜಕ್ಕೂ ನಾಟಕ, ನೋಡಿ ಖುಷಿಪಡು. ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡ. ಮಾಂಸದ ಜೊತೆಗೆ ಕೆನೆ ಹಾಕಿದ ಪಾಲಕ್, ಆಲೂಗಡ್ಡೆ, ಯಾರ್ಕ್‌ಷೈರ್ ಪುಡಿಂಗ್ ಬರುತ್ತವೆ. ಪುಡಿಂಗ್ ಎಂದರೆ ಸಿಹಿಯಲ್ಲ, ಮೈದಾ, ಮೊಟ್ಟೆ, ಹಾಲಿನ ಹಿಟ್ಟು ಉಬ್ಬಿದ್ದು. ಹಿಂದೆ ರೋಸ್ಟಿನ ಕೆಳಗೇ ಅದನ್ನಿಟ್ಟು ತೊಟ್ಟಿಕ್ಕುವ ಕೊಬ್ಬು ಹಿಡಿಯುತ್ತಿದ್ದರು. ಮಾಂಸದ ರಸದಲ್ಲಿ ಅದ್ದಿ ತಿನ್ನು. ಹಾರ್ಸ್‌ರ್‍ಯಾಡಿಶ್ ಚಟ್ನಿಯನ್ನು ಮಾತ್ರ ಉಗುರಿನಷ್ಟೇ ತೆಗೆದುಕೋ, ಸಾಸಿವೆಯ ಕುಲದ ಬೇರು ಅದು, ನೆತ್ತಿಗೇರುತ್ತದೆ. ಹಸಿವು ಉಳಿದಿದ್ದರೆ ಇನ್ನೊಂದು ತೆಳು ಹೋಳು ಕೇಳಬಹುದು, ಆ ಮನೆಯಲ್ಲಿ ಅದಕ್ಕೆ ಸಂಕೋಚವಿಲ್ಲ.

ನಿನ್ನ ಜೊತೆಯ ಆ ಸಸ್ಯಾಹಾರಿ ಹುಡುಗಿಗೆ ಮೊದಲೇ ಹೇಳಿಬಿಡು. ಸಲಾಡು, ಆಲೂಗಡ್ಡೆ ತಿಂದುಕೊಂಡು ಕೂರಬಹುದು, ನಿಜ, ಆದರೆ ಅಕ್ಕಪಕ್ಕದಲ್ಲೆಲ್ಲ ಮಾಂಸದ ಗಾಡಿ ಓಡಾಡುವ ಜಾಗ ಅದು. ಪುಡಿಂಗಿಗೆ ದನದ ಕೊಬ್ಬು ಬಳಸುವುದು ಹಳೆಯ ರೂಢಿ, ಅವಳು ಮುಟ್ಟುವ ಮೊದಲು ವಿಚಾರಿಸಲಿ. ಬರಲೇಬೇಕೆಂದು ಒತ್ತಾಯಿಸಬೇಡ.

ಬಿಲ್ಲಿನ ಮೇಲೆ ಶೇಕಡಾ 20ರಷ್ಟು ಟಿಪ್ಸ್ ಇಡಿ, ಪರಿಚಾರಕನಾಗಿ ಬದುಕಿದವನ ಮಗಳು ಜಿಪುಣತನ ತೋರಬಾರದು. ಉಳಿದದ್ದನ್ನು ಕಟ್ಟಿಸಿಕೊಂಡು ಬಾ. ಮರುದಿನ ಮೈಕ್ರೊವೇವಿನಲ್ಲಿಟ್ಟು ಹಾಳು ಮಾಡಬೇಡ. ತಣ್ಣಗಿದ್ದಂತೆಯೇ ಕೊಯ್ದು, ಬ್ರೆಡ್ಡಿಗೆ ಬೆಣ್ಣೆ, ಸಾಸಿವೆ ಹಚ್ಚಿ ನಡುವೆ ಇಟ್ಟು ತಿನ್ನು. ಎಲುಬು ಸಿಕ್ಕರೆ ಬಾರ್ಲಿ ಹಾಕಿ ಸೂಪ್ ಮಾಡು, ವಿಧಾನ ಬೇಕಿದ್ದರೆ ಭಾನುವಾರ ಫೋನ್ ಮಾಡು. ಅಮ್ಮನ ಮಾತಿಗೂ ಸಮಯ ಇಟ್ಟುಕೊಂಡೇ ಮಾಡು.

ಇಂತಿ,
ನಿನ್ನ ಅಪ್ಪ